ಐಸ್ ಪ್ಲಾಂಟಿನ ಅಮೋನಿಯಾ ಮತ್ತು ನ್ಯಾನೊಕೊಳವೆಯ ಸಂವೇದಕ

ಪ್ರಶ್ನೆ: ಕಾರವಾರದಲ್ಲಿ ನಮ್ಮದೊಂದು ಸಣ್ಣ ಐಸ್ ಪ್ಲಾಂಟ್ ಇದೆ, ತಂಪು ಮಾಡಲು ಅಮೋನಿಯಾ ಬಳಸುತ್ತೇವೆ. ಎಂ.ಎಸ್‌ಸಿ. ಓದುತ್ತಿರುವ ಅಣ್ಣನ ಮಗ, ಕಾರ್ಬನ್ ನ್ಯಾನೊಕೊಳವೆಗಳ ತೆಳುಪದರದಿಂದ ಸೋರಿಕೆ ಪತ್ತೆಹಚ್ಚುವ ಸಂವೇದಕವನ್ನು ತಾನೇ ತಯಾರಿಸಬಹುದು ಎನ್ನುತ್ತಾನೆ. ಅದನ್ನು ಹೇಗೆ ಮಾಡುತ್ತಾರೆ? ನಂಬಿ ಕೂರಬಹುದೇ?
– ಓದುಗರೊಬ್ಬರು, ಕಾರವಾರ

ಉತ್ತರ: ಅವರ ಮಾತಿನಲ್ಲಿ ಹುರುಳಿದೆ. ಇಂಗಾಲದ ಒಂದೇ ಪರಮಾಣು ದಪ್ಪದ ಹಾಳೆಯನ್ನು ಸುರುಳಿ ಸುತ್ತಿದಂತಿರುವ, ಅಂದರೆ ಒಂಟಿಗೋಡೆಯ, ಅರೆವಾಹಕ ನ್ಯಾನೊಕೊಳವೆಯು ಸಾಮಾನ್ಯ ಉಷ್ಣತೆಯಲ್ಲೇ ಅಮೋನಿಯಾ ಮತ್ತು ನೈಟ್ರೋಜನ್ ಡೈಆಕ್ಸೈಡ್‌ಗಳನ್ನು ಗುರುತಿಸಬಲ್ಲದು ಎಂಬುದನ್ನು 2000ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಾಂಗ್ಜೀ ದಾಯ್ ಅವರ ತಂಡ ತೋರಿಸಿಕೊಟ್ಟಿತು. ಒಂದೆರಡು ನ್ಯಾನೊಮೀಟರ್ ವ್ಯಾಸದ ಈ ಕೊಳವೆಯ ಪ್ರತಿಯೊಂದು ಪರಮಾಣುವೂ ಮೇಲ್ಮೈಯಲ್ಲೇ ಇರುವುದರಿಂದ, ಅದಕ್ಕೆ ಅಂಟಿದ ಅನಿಲದ ಅಣುಗಳು ವಿದ್ಯುತ್ತಿನ ಹರಿವನ್ನು ನೇರವಾಗಿ ಬದಲಿಸುತ್ತವೆ. ಗಾಳಿಯಲ್ಲಿರುವ ಕೊಳವೆಯಲ್ಲಿ ವಿದ್ಯುತ್ತನ್ನು ಒಯ್ಯುವುದು ಧನಾವೇಶದ ‘ರಂಧ್ರಗಳು’, ಅಂದರೆ ಎಲೆಕ್ಟ್ರಾನು ಇಲ್ಲದ ಖಾಲಿ ಸ್ಥಾನಗಳು. ಅಮೋನಿಯಾ ಎಲೆಕ್ಟ್ರಾನುಗಳನ್ನು ಕೊಟ್ಟಾಗ ಈ ರಂಧ್ರಗಳು ಕಡಿಮೆಯಾಗಿ ವಿದ್ಯುತ್ ರೋಧ ಏರುತ್ತದೆ. ಬಳಕೆಯಲ್ಲಿರುವ ತವರದ ಆಕ್ಸೈಡಿನ ಅನಿಲ ಸಂವೇದಕಗಳನ್ನು ಸಾಮಾನ್ಯವಾಗಿ 200ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಇಲ್ಲಿ ಆ ಅಗತ್ಯವಿಲ್ಲ.

ಪದರ ತಯಾರಿಸಲು, ಕೊಳವೆಗಳ ಪುಡಿಯನ್ನು ಸೋಡಿಯಂ ಡೊಡೆಸೈಲ್ ಸಲ್ಫೇಟ್‌ನಂತಹ ಮಾರ್ಜಕ ಬೆರೆಸಿದ ನೀರಿಗೆ ಹಾಕಿ, ಶ್ರವಣಾತೀತ ಕಂಪನದಿಂದ ಬಿಡಿಬಿಡಿಯಾಗಿಸಿ, ಉಳಿದ ಗಂಟುಗಳನ್ನು ಸೆಂಟ್ರಿಫ್ಯೂಜಿನಲ್ಲಿ (ವೇಗವಾಗಿ ತಿರುಗಿಸುವ ಯಂತ್ರ) ಬೇರ್ಪಡಿಸುತ್ತಾರೆ. ತಿಳಿಯಾದ ಮಸಿಬಣ್ಣದ ದ್ರವವನ್ನು, ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು ತೂರಿಸಿದಂತಿರುವ ಚಿನ್ನದ ವಿದ್ಯುದ್ವಾರಗಳ ಮೇಲೆ ಸಿಂಪಡಿಸಿ, ಒಣಗಿದ ಮೇಲೆ ಮಾರ್ಜಕ ಉಳಿಯದಂತೆ ತೊಳೆಯುತ್ತಾರೆ. ಪದರ ದಪ್ಪವಾದಷ್ಟೂ ಒಳ್ಳೆಯದೆಂದು ಹೊಸಬರು ಭಾವಿಸುವುದುಂಟು. ಆದರೆ ಬೇರ್ಪಡಿಸದ ಕೊಳವೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಲೋಹದ ಗುಣದವು. ಪದರ ದಟ್ಟವಾದರೆ ಅವೇ ಒಂದಕ್ಕೊಂದು ತಾಗಿ ವಿದ್ಯುತ್ತಿಗೆ ಪ್ರತ್ಯೇಕ ದಾರಿ ಮಾಡಿಕೊಡುವುದರಿಂದ ಅನಿಲದ ಪರಿಣಾಮ ಮಂಕಾಗುತ್ತದೆ. ಗಾಜಿನ ಮೇಲೆ ಹರಡಿದ ಪದರದ ಕೆಳಗಿಟ್ಟ ಅಕ್ಷರಗಳು ಓದಲು ಬರುವಷ್ಟು ತೆಳುವಾದ ಬೂದು ಛಾಯೆ ಇದ್ದರೆ ಸಾಕು. ಒಣ ಪುಡಿ ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಈ ಕೆಲಸ ಕಾಲೇಜಿನ ಪ್ರಯೋಗಾಲಯದ ಹೊಗೆಗೂಡಿನಲ್ಲೇ (ಗಾಳಿಯನ್ನು ಹೊರಗೆಳೆಯುವ ಮುಚ್ಚುಗೂಡು, ಫ್ಯೂಮ್ ಹುಡ್) ಆಗಬೇಕು, ಮನೆಯಲ್ಲಿ ಖಂಡಿತ ಬೇಡ.

ನಿಜವಾದ ತೊಡಕಿರುವುದು ನಿಮ್ಮೂರಿನ ಹವೆಯಲ್ಲಿ. ನೀರಾವಿಯೂ ಕೊಳವೆಗೆ ಅಂಟುತ್ತದೆ, ಬಹುಪಾಲು ಅಮೋನಿಯಾದಂತೆಯೇ ರೋಧವನ್ನು ಏರಿಸುತ್ತದೆ. ಜೂನ್–ಜುಲೈ ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ನಿಮ್ಮ ಬೈತಖೋಲ ಬಂದರಿನ ದೋಣಿಗಳು ಮತ್ತೆ ಕಡಲಿಗಿಳಿಯುವ ಆಗಸ್ಟಿನಲ್ಲಿ, ಅಂದರೆ ನಿಮ್ಮಲ್ಲಿ ಐಸಿಗೆ ಬೇಡಿಕೆ ಏರುವ ಹೊತ್ತಿನಲ್ಲೇ, ಗಾಳಿಯ ತೇವವೂ ವಿಪರೀತವಾಗಿರುತ್ತದೆ. ಪ್ರಯೋಗಾಲಯದ ಒಣ ನೈಟ್ರೋಜನ್‌ನಲ್ಲಿ ಅಂದವಾಗಿ ಕಾಣುವ ಅಳತೆಯ ನಕ್ಷೆ ನಿಮ್ಮ ಪ್ಲಾಂಟಿನಲ್ಲಿ ಸುಳ್ಳು ಎಚ್ಚರಿಕೆಗಳ ಸರಮಾಲೆಯಾಗಬಹುದು. ಪದೇಪದೇ ಸುಳ್ಳು ಕೂಗುವ ಗಂಟೆಯನ್ನು ಕೆಲಸಗಾರರು ಕೊನೆಗೆ ಆರಿಸಿಬಿಡುತ್ತಾರೆ ಎಂಬುದೇ ನನ್ನ ದೊಡ್ಡ ಆತಂಕ. ವಿದ್ಯುತ್ ಹರಿಸಬಲ್ಲ ಪಾಲಿಮರ್ ಆದ ಪಾಲಿಅನಿಲಿನ್ ಅನ್ನು ಕೊಳವೆಗಳಿಗೆ ಲೇಪಿಸಿದರೆ ಅಮೋನಿಯಾದತ್ತ ಒಲವು ಹೆಚ್ಚುತ್ತದೆ, ಆದರೂ ತೇವದ ಪ್ರಭಾವ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಪಕ್ಕದಲ್ಲೇ ತೇವಮಾಪಕ ಮತ್ತು ಉಷ್ಣಮಾಪಕಗಳನ್ನಿಟ್ಟು ಅವುಗಳ ಪಾಲನ್ನು ಲೆಕ್ಕದಿಂದ ಕಳೆಯಬೇಕು. ಅಂಟಿದ ಅಮೋನಿಯಾ ಬೇಗ ಬಿಡುವುದೂ ಇಲ್ಲ. ಹದವಾಗಿ ಕಾಯಿಸಿ ಅಥವಾ ನೇರಳಾತೀತ ಬೆಳಕು ಹಾಯಿಸಿ ಪದರವನ್ನು ಮೊದಲಿನ ಸ್ಥಿತಿಗೆ ತರಬೇಕಾಗುತ್ತದೆ.

ಹತ್ತು ಲಕ್ಷ ಭಾಗ ಗಾಳಿಯಲ್ಲಿ 300 ಭಾಗ ಅಮೋನಿಯಾ ಇದ್ದರೆ ಅದು ಜೀವಕ್ಕೆ ತಕ್ಷಣದ ಅಪಾಯವೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಗುರುತಿಸಿದೆ. ಇಂತಹ ಅನಿಲದ ಎದುರು ಜನರ ಪ್ರಾಣವನ್ನು ಪ್ರಯೋಗದ ಉಪಕರಣವೊಂದಕ್ಕೇ ಒಪ್ಪಿಸಲು ನಾನು ಹೇಳಲಾರೆ. ಪ್ರಮಾಣೀಕೃತ ಎಚ್ಚರಿಕೆ ಯಂತ್ರ ಕಂಪ್ರೆಸರ್ ಕೋಣೆಯಲ್ಲಿ ಇರಲೇಬೇಕು. ನಿಮ್ಮ ಅಣ್ಣನ ಮಗನ ಸಂವೇದಕವನ್ನು ಅದರ ಪಕ್ಕದಲ್ಲೇ ತೂಗುಹಾಕಿ, ಒಂದು ಮಳೆಗಾಲ ಪೂರ್ತಿ ಎರಡರ ಅಳತೆಗಳನ್ನೂ ತೇವಾಂಶವನ್ನೂ ಜೊತೆಜೊತೆಗೆ ದಾಖಲಿಸಲು ಹೇಳಿ. ಕರಾವಳಿಯ ಹವೆಯಲ್ಲಿ ಪಡೆದ ಅಂತಹ ದಾಖಲೆ ಅವರ ಅಧ್ಯಯನಕ್ಕೆ ಬಹಳ ಬೆಲೆಯುಳ್ಳದ್ದು.