ಕಾಗೆ ಚಿಟ್ಟೆಯನ್ನೂ ಬರೆದುಕೊಳ್ಳಿ

ಪ್ರಶ್ನೆ: ಸೆಪ್ಟೆಂಬರ್ ತಿಂಗಳ ಚಿಟ್ಟೆ ಗಣತಿಗೆ ಪರಿಚಿತರೊಬ್ಬರು ನನ್ನನ್ನು ಕೇಳದೆಯೇ ನನ್ನ ಹೆಸರು ಸೇರಿಸಿದ್ದಾರೆ. ನಾನು ಬ್ಯಾಂಕಿನಿಂದ ನಿವೃತ್ತನಾದವನು. ನಮ್ಮ ಅಂಗಳಕ್ಕೆ ಬರುವುದು ಅದೇ ಕಪ್ಪು ಚಿಟ್ಟೆ, ಅದೇ ಹಳದಿ ಚಿಟ್ಟೆ. ಇವನ್ನು ಬರೆದು ಯಾರಿಗೆ ಏನಾಗಬೇಕು? ಕುದುರೆಮುಖಕ್ಕೆ ಹೋಗುವವರು ಮಾಡಬೇಕಾದ ಕೆಲಸವಲ್ಲವೇ ಇದು?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಕುದುರೆಮುಖಕ್ಕೆ ಹೋಗುವವರು ಬೇಕಾದಷ್ಟಿದ್ದಾರೆ. ಕದ್ರಿಯ ಅಂಗಳದಲ್ಲಿ ನಿಂತು ನೋಡುವವರಿಗೇ ಬರ. ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳಿವೆ. ಅಪರೂಪದವು ಕಂಡರೆ ಹತ್ತು ಕ್ಯಾಮೆರಾಗಳು ಓಡುತ್ತವೆ. ಸಾಮಾನ್ಯ ಚಿಟ್ಟೆ ಕಡಿಮೆಯಾದರೆ ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ಮೊದಲು ಎಷ್ಟಿತ್ತೆಂದು ಯಾರೂ ಬರೆದಿಟ್ಟಿರುವುದಿಲ್ಲ. ನೀವು ಬ್ಯಾಂಕಿನವರು: ಒಂದು ದೊಡ್ಡ ಠೇವಣಿಯನ್ನು ನೋಡಿ ಶಾಖೆ ಚೆನ್ನಾಗಿದೆ ಎನ್ನುತ್ತಿದ್ದಿರೋ, ಸಾವಿರಾರು ಉಳಿತಾಯ ಖಾತೆಗಳ ಏರಿಳಿತವನ್ನು ನೋಡುತ್ತಿದ್ದಿರೋ?

ಬ್ರಿಟನ್ನಿನಲ್ಲಿ ಈ ಕೆಲಸ 1976ರಿಂದ ನಡೆಯುತ್ತಿದೆ. ಸ್ವಯಂಸೇವಕರು ವಾರಕ್ಕೊಮ್ಮೆ ಅದೇ ದಾರಿಯಲ್ಲಿ ಒಂದೇ ವೇಗದಲ್ಲಿ ನಡೆದು, ಎಡಬಲಕ್ಕೆ ಎರಡೂವರೆ ಮೀಟರ್ ಮತ್ತು ಮುಂದಕ್ಕೆ ಐದು ಮೀಟರ್ ಒಳಗೆ ಕಂಡ ಚಿಟ್ಟೆಗಳನ್ನಷ್ಟೇ ಎಣಿಸುತ್ತಾರೆ. ಈ ವಿಧಾನವನ್ನು ರೂಪಿಸಿದವರು ಅರ್ನಿ ಪೊಲಾರ್ಡ್. ಹಾಗಾಗಿ ಅದಕ್ಕೆ ‘ಪೊಲಾರ್ಡ್ ನಡಿಗೆ’ ಎಂದೇ ಹೆಸರು. ಅಲ್ಲಿ ಮನೆಮನೆಯ ತೋಟದಲ್ಲಿ ಹಾರಾಡುತ್ತಿದ್ದ ಸ್ಮಾಲ್ ಟಾರ್ಟಾಯ್ಸ್‌ಶೆಲ್ ಮುಕ್ಕಾಲು ಪಾಲು ಕುಸಿದದ್ದು ಗೊತ್ತಾದದ್ದು ಈ ನಡಿಗೆಯ ಪುಸ್ತಕಗಳಿಂದ. ನಮ್ಮಲ್ಲಿ ‘ಬಿಗ್ ಬಟರ್‌ಫ್ಲೈ ಮಂತ್’ ಹೆಸರಿನಲ್ಲಿ ಸೆಪ್ಟೆಂಬರ್ ಗಣತಿ ಶುರುವಾದದ್ದು 2020ರಲ್ಲಿ. ಲೆಕ್ಕ ಇನ್ನೂ ಎಳೆಯದು.

ಇನ್ನು ‘ಅದೇ ಹಳದಿ ಚಿಟ್ಟೆ’ಯ ವಿಚಾರ. ಹುಲ್ಲಿನ ಮಟ್ಟದಲ್ಲೇ ತೇಲಾಡುವ ಪುಟ್ಟ ಹಳದಿ ಚಿಟ್ಟೆ ಗ್ರಾಸ್ ಯೆಲ್ಲೋ. ತಲೆಯ ಮೇಲಿಂದ ಅವಸರದಲ್ಲಿ ಹಾರಿಹೋಗುವ ದೊಡ್ಡದು ಎಮಿಗ್ರಂಟ್. ಎಲ್ಲೋ ಕಕ್ಕೆ ಮರವಿರುತ್ತದೆ, ಅಲ್ಲಿ ಮೊಟ್ಟೆಯಿಡುತ್ತದೆ. ಗ್ರಾಸ್ ಯೆಲ್ಲೋದಲ್ಲೂ ಒಳಜಾತಿಗಳಿವೆ, ಮುಂದಿನ ರೆಕ್ಕೆಯ ಕೆಳಮೈಯಲ್ಲಿರುವ ಚುಕ್ಕೆ ಎಣಿಸಬೇಕಾಗುತ್ತದೆ. ಆಗದಿದ್ದರೆ ಬರೀ ‘ಗ್ರಾಸ್ ಯೆಲ್ಲೋ’ ಎಂದು ಬರೆಯಿರಿ. ಗೊತ್ತಿದ್ದಷ್ಟೇ ಬರೆದ ದಾಖಲೆ, ಊಹಿಸಿ ಬರೆದ ಪೂರ್ಣ ಹೆಸರಿಗಿಂತ ಮೇಲು. ನಿಮ್ಮ ಕಪ್ಪು ಚಿಟ್ಟೆ ರೆಕ್ಕೆಯಂಚಿನಲ್ಲಿ ಬಿಳಿ ಚುಕ್ಕೆಗಳಿದ್ದು, ಯಾವ ಹಕ್ಕಿಗೂ ಹೆದರದಂತೆ ನಿಧಾನವಾಗಿ ಹಾರುತ್ತಿದ್ದರೆ ಬಹುಶಃ ಕಾಮನ್ ಕ್ರೋ, ಅಂದರೆ ಕಾಗೆ ಚಿಟ್ಟೆ. ಹೆದರಬೇಕಾದ ಕಾರಣವೂ ಅದಕ್ಕಿಲ್ಲ, ಮೈಯೆಲ್ಲ ವಿಷ. ಅಂಗಳದ ಕಣಗಿಲೆ ಗಿಡದ ಎಲೆಯಡಿ ಬೆಳ್ಳಿಯ ಜುಮುಕಿಯಂತೆ ಹೊಳೆಯುತ್ತ ನೇತಾಡುವುದು ಅದರದೇ ಕೋಶ.

ದಿನಾಂಕ, ಜಾಗ, ಸಮಯ, ಎಷ್ಟು ಕಂಡವು, ಬಿಸಿಲಿತ್ತೋ ಮೋಡವೋ ಎನ್ನುವ ಐದು ವಿಷಯ ಇದ್ದರೆ ಸಾಕು. ಬ್ರಿಟನ್ನಿನವರ ಮಧ್ಯಾಹ್ನದ ವೇಳಾಪಟ್ಟಿ ನಮಗೆ ಬೇಡ. ಇಲ್ಲಿ ಬೆಳಿಗ್ಗೆ ಎಂಟರ ಬಿಸಿಲೇ ಸಾಕು.

ಪ್ರಶ್ನೆ: ಒಂದು ಗಂಟೆ ನಿಂತರೂ ಒಂದೂ ಚಿಟ್ಟೆ ಬರಲಿಲ್ಲ. ಆ ದಿನವನ್ನು ಬಿಟ್ಟುಬಿಡಬಹುದೇ?
– ಓದುಗಿ, ಪರ್ಕಳ

ಉತ್ತರ: ಮಳೆ ಸುರಿಯುತ್ತಿದ್ದರೆ ಬಿಡಿ, ಯಾವ ಚಿಟ್ಟೆಯೂ ಹಾರುವುದಿಲ್ಲ. ಒಳ್ಳೆಯ ಬಿಸಿಲಿದ್ದೂ ಬರಲಿಲ್ಲವೆಂದರೆ ಸೊನ್ನೆ ಎಂದು ಬರೆಯಿರಿ.

ಪ್ರಶ್ನೆ: ಮಣಿಪಾಲದ ಮಣ್ಣಪಳ್ಳದ ಬದಿಯಲ್ಲಿ ಕೆಂಪು ಚುಕ್ಕೆಯ ಕಪ್ಪು ಚಿಟ್ಟೆಯ ಫೋಟೋ ತೆಗೆದೆ. ಒಬ್ಬರು ಕ್ರಿಮ್ಸನ್ ರೋಸ್ ಎಂದರು, ಇನ್ನೊಬ್ಬರು ಕಾಮನ್ ಮಾರ್ಮನ್ ಎಂದರು. ಯಾರು ಸರಿ?
– ವಿದ್ಯಾರ್ಥಿ, ಮಣಿಪಾಲ

ಉತ್ತರ: ರೆಕ್ಕೆ ಬಿಟ್ಟು ಮೈ ನೋಡಿ. ಮೈ ಕೆಂಪಗಿದ್ದರೆ ರೋಸ್, ಕಪ್ಪಗಿದ್ದರೆ ಮಾರ್ಮನ್ ಹೆಣ್ಣು. ರೋಸ್ ಚಿಟ್ಟೆಗಳ ಮರಿಗಳು ಈಶ್ವರಬಳ್ಳಿ ತಿಂದು ಬೆಳೆಯುವುದರಿಂದ ದೊಡ್ಡದಾದ ಮೇಲೂ ಹಕ್ಕಿಗಳಿಗೆ ಕಹಿ. ಮಾರ್ಮನ್ ಹೆಣ್ಣಿಗೆ ವಿಷವಿಲ್ಲ, ವೇಷ ಮಾತ್ರ ಇದೆ. ಅದರಲ್ಲೂ ಮೂರು ಬಗೆ: ಒಂದು ಗಂಡಿನಂತೆಯೇ, ಒಂದು ಕಾಮನ್ ರೋಸ್‌ನಂತೆ, ಒಂದು ಕ್ರಿಮ್ಸನ್ ರೋಸ್‌ನಂತೆ. ಯಕ್ಷಗಾನದ ಊರಿನವರಿಗೆ ಸ್ತ್ರೀವೇಷ ಹೊಸದಲ್ಲ, ಆದರೆ ಇಲ್ಲಿ ವೇಷ ಕಟ್ಟುವುದು ಹೆಣ್ಣೇ. ಮುಂದಿನ ಬಾರಿ ರೆಕ್ಕೆ ಮುಚ್ಚಿ ಕುಳಿತಾಗಲೂ ಒಂದು ಫೋಟೋ ತೆಗೆಯಿರಿ. ಬಹಳಷ್ಟು ಚಿಟ್ಟೆಗಳ ಗುರುತು ರೆಕ್ಕೆಯ ಕೆಳಮೈಯಲ್ಲೇ ಇರುತ್ತದೆ. ಜನವರಿಯಲ್ಲಿ ತೆಗೆದ ಇವನಿಂಗ್ ಬ್ರೌನ್ ಒಣಗಿದ ಎಲೆಯಂತೆ ಕಂಡು, ಸೆಪ್ಟೆಂಬರ್‌ನದರಲ್ಲಿ ಕಣ್ಣಿನಂಥ ಚುಕ್ಕೆಗಳ ಸಾಲು ಇದ್ದರೆ ಹೊಸ ಜಾತಿ ಸಿಕ್ಕಿತೆಂದು ಹಿಗ್ಗಬೇಡಿ. ಒಂದೇ ಜಾತಿಯ ಚಿಟ್ಟೆ ಮಳೆಗಾಲಕ್ಕೊಂದು, ಮಳೆಯಿಲ್ಲದ ತಿಂಗಳುಗಳಿಗೊಂದು ರೂಪ ತಾಳುತ್ತದೆ.

ಪ್ರಶ್ನೆ: ಕರಿಬೇವಿನ ಗಿಡದ ಚಿಗುರನ್ನೆಲ್ಲ ಹುಳು ತಿನ್ನುತ್ತಿದೆ. ಮೊದಲು ಹಕ್ಕಿಯ ಹಿಕ್ಕೆಯಂತಿತ್ತು, ಈಗ ಹಸಿರು. ಮುಟ್ಟಿದರೆ ಕೆಂಪು ಕೊಂಬು ಚಾಚಿ ವಾಸನೆ ಬಿಡುತ್ತದೆ. ಔಷಧಿ ಹೊಡೆಯಬೇಕೇ?
– ಗೃಹಿಣಿ, ಕುಂಜಿಬೆಟ್ಟು

ಉತ್ತರ: ಬೇಡ. ಅದು ಮೇಲೆ ಹೇಳಿದ ಮಾರ್ಮನ್‌ನ ಮರಿ, ಇಲ್ಲವೇ ನಿಂಬೆ ಗಿಡಕ್ಕೂ ಬರುವ ಲೈಮ್ ಚಿಟ್ಟೆಯದು. ಸಾಂಬಾರಿನ ಒಗ್ಗರಣೆಗೆ ಪಕ್ಕದ ಮನೆಯ ಗಿಡದಿಂದ ಒಂದು ಎಸಳು ಕೇಳಿ ತನ್ನಿ, ಕರಿಬೇವು ಮತ್ತೆ ಚಿಗುರುತ್ತದೆ. ಮರಿ ಕಂಡದ್ದನ್ನೂ ಗಣತಿಗೆ ಬರೆಯಬಹುದು. ಹಾರಾಡುವ ಚಿಟ್ಟೆ ಎಲ್ಲಿಂದಲೋ ಬಂದಿರಬಹುದು, ಮರಿ ಸಿಕ್ಕಿತೆಂದರೆ ಅಲ್ಲಿಯೇ ಸಂಸಾರ ಹೂಡಿದೆ ಎಂದು ಅರ್ಥ.

ಪ್ರಶ್ನೆ: ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ನಮ್ಮ ತೋಟಕ್ಕೂ ಬರಬೇಕು. ಏನು ನೆಡಲಿ?
– ಕೃಷಿಕರು, ಮೂಡುಬಿದಿರೆ

ಉತ್ತರ: ಎಲ್ಲರಿಗೂ ಬೇಕಾದದ್ದು ಅದೇ. ಮಕರಂದಕ್ಕೆ ಕೇಪುಳ, ರಥಪುಷ್ಪ ಇರಲಿ. ಮೊಟ್ಟೆಯಿಡಲು ಈಶ್ವರಬಳ್ಳಿಯಂಥ ಇಲ್ಲಿಯದೇ ಬಳ್ಳಿ ಬೇಕು. ನರ್ಸರಿಯಲ್ಲಿ ಅಲಂಕಾರಕ್ಕೆಂದು ಮಾರುವ ಇದೇ ಕುಲದ ವಿದೇಶಿ ಬಳ್ಳಿ ಬೇಡ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಅಂಥದೊಂದರ ಮೇಲೆ ಮೊಟ್ಟೆಯಿಟ್ಟು, ಮರಿಗಳು ಎಲೆ ತಿಂದು ಸತ್ತದ್ದುಂಟು. ಬೆಳುವಾಯಿಯ ಚಿಟ್ಟೆ ಪಾರ್ಕ್ ನಿಮಗೆ ಹತ್ತಿರವೇ ಇದೆ. ತೆರೆದಿರುವ ದಿನ ವಿಚಾರಿಸಿಕೊಂಡು ಹೋಗಿ, ಯಾವ ಗಿಡದ ಸುತ್ತ ಯಾವುದು ಹಾರಾಡುತ್ತದೆಂದು ನೋಡಿ ಬನ್ನಿ.