ಸಹಿ ಹಾಕುವ ಮುನ್ನ ಅಪ್ಪನಿಗೆ ಓದಿ ಹೇಳಿ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಮೆರಿಕಕ್ಕೆ ಬಂದು ಎಂಟು ತಿಂಗಳಾಗಿದೆ, ಕಂಪನಿಯೊಂದು ಅರ್ಜಿ ಹಾಕಿ ಕೊಡಿಸುವ ಎಚ್-1ಬಿ ಉದ್ಯೋಗ ವೀಸಾದ ಮೇಲೆ ಕೆಲಸದಲ್ಲಿದ್ದೀರಿ, ಇಬ್ಬರು ಗೆಳೆಯರೊಂದಿಗೆ ಸ್ವಂತ ಕಂಪನಿ ಕಟ್ಟುವ ಆಸೆಯಿದೆ. ಆದರೆ ಬ್ಯಾಂಕಿನಿಂದ ನಿವೃತ್ತರಾದ ನಿಮ್ಮ ತಂದೆಯವರು ಕೈಯಲ್ಲಿರುವ ಕೆಲಸ ಬಿಡಕೂಡದೆಂದು ಪಟ್ಟು ಹಿಡಿದಿದ್ದಾರೆ. ವೀಸಾ ಇದಕ್ಕೆ ಅವಕಾಶ ಕೊಡುತ್ತದೆಯೇ, ಎಷ್ಟು ಉಳಿತಾಯ ಬೇಕು, ಹಳೆಯ ಕಾಲದವರನ್ನು ಒಪ್ಪಿಸುವುದು ಹೇಗೆ ಎಂದು ಕೇಳಿದ್ದೀರಿ.

ಮೊದಲಿನ ಎರಡಕ್ಕೆ ಚುಟುಕಾಗಿ ಉತ್ತರಿಸುತ್ತೇನೆ. ಎಚ್-1ಬಿಯಲ್ಲಿರುವವರು ಕಂಪನಿಯ ಷೇರು ಹೊಂದಲು ಅಡ್ಡಿಯಿಲ್ಲ. ಆದರೆ ನಿಮ್ಮ ಪರವಾಗಿ ಅರ್ಜಿ ಹಾಕಿರುವ ಸಂಸ್ಥೆಯಲ್ಲದೆ ಬೇರೆಡೆ, ಅದು ನಿಮ್ಮದೇ ಕಂಪನಿಯಾಗಿದ್ದರೂ, ಅನುಮತಿಯಿಲ್ಲದೆ ದುಡಿಯುವಂತಿಲ್ಲ. 2025ರ ಜನವರಿ 17ರಿಂದ ಜಾರಿಗೆ ಬಂದ ನಿಯಮವು ಕಂಪನಿಯ ಮೇಲೆ ಹಿಡಿತ ಕೊಡುವಷ್ಟು ದೊಡ್ಡ ಪಾಲು ಇರುವವರಿಗೂ ಆ ಕಂಪನಿಯ ಮೂಲಕವೇ ವೀಸಾ ಪಡೆಯುವ ದಾರಿ ತೋರಿಸಿದೆ; ಆದರೆ ಅಂಥವರಿಗೆ ಮೊದಲ ಮಂಜೂರಾತಿಯೂ ಮೊದಲ ವಿಸ್ತರಣೆಯೂ ತಲಾ 18 ತಿಂಗಳನ್ನು ಮೀರುವುದಿಲ್ಲ. ಶುಲ್ಕ ಕೊಟ್ಟು ಒಬ್ಬ ವಲಸೆ ವಕೀಲರನ್ನು ಕಾಣಿರಿ, ಸಹೋದ್ಯೋಗಿಗಳ ಮಾತನ್ನು ನೆಚ್ಚಿಕೊಳ್ಳಬೇಡಿ. ಉಳಿತಾಯದ ವಿಷಯಕ್ಕೆ ಬಂದರೆ, ಒಂದು ವರ್ಷದ ಮನೆಖರ್ಚು ಮತ್ತು ಆರೋಗ್ಯ ವಿಮೆಯ ಕಂತು ಕೈಯಲ್ಲಿರಲಿ. ಇಲ್ಲಿ ವಿಮೆ ಬಹುಮಟ್ಟಿಗೆ ಕೆಲಸಕ್ಕೆ ಅಂಟಿಕೊಂಡಿರುತ್ತದೆ ಎಂಬುದು ನಮ್ಮಂಥವರಿಗೆ ತಡವಾಗಿ ಹೊಳೆಯುತ್ತದೆ.

ಮೂರನೆಯ ಪ್ರಶ್ನೆಯೇ ನನ್ನನ್ನು ಈ ಪತ್ರ ಬರೆಯಲು ಕೂರಿಸಿದ್ದು. ನಾನು ಕ್ಯಾಲಿಫೋರ್ನಿಯಾದ ಸನಿವೇಲಿಗೆ ಬಂದದ್ದು 1999ರ ಅಕ್ಟೋಬರಿನಲ್ಲಿ. ಆಗ ಯಾರ ಬಾಯಲ್ಲಿ ಕೇಳಿದರೂ ಹೊಸ ಕಂಪನಿಯ ಮಾತೇ. ಮರುವರ್ಷದ ಮಾರ್ಚಿನಲ್ಲಿ ಶಿಖರ ಮುಟ್ಟಿದ, ತಂತ್ರಜ್ಞಾನ ಕಂಪನಿಗಳೇ ಹೆಚ್ಚಿರುವ ಷೇರುಪೇಟೆ ನ್ಯಾಸ್ಡ್ಯಾಕ್‌ನ ಸೂಚ್ಯಂಕ 2002ರ ಅಕ್ಟೋಬರಿನ ಹೊತ್ತಿಗೆ ಮುಕ್ಕಾಲು ಪಾಲಿಗೂ ಹೆಚ್ಚು ಕುಸಿದಿತ್ತು. ಅಷ್ಟರಲ್ಲಿ ನನ್ನ ಸಾಲಿನಲ್ಲಿ ಕುಳಿತಿದ್ದ ಒಂಬತ್ತು ಜನರಲ್ಲಿ ಆರು ಜನ ಮನೆಗೆ ಹೋಗಿದ್ದರು. ಕೆಲಸ ಹೋದ ಮೇಲೆ ಬೇರೊಂದನ್ನು ಹುಡುಕಿಕೊಳ್ಳಲು ಈಗ ನಿಮಗೆ ದೊರೆಯುವ, ಗರಿಷ್ಠ 60 ದಿನಗಳ ಕಾಲಾವಕಾಶ ಜಾರಿಗೆ ಬಂದದ್ದು 2017ರಲ್ಲಿ. ನಮಗೆ ಅದೂ ಇರಲಿಲ್ಲ. ಪ್ರತಿ ಭಾನುವಾರದ ಫೋನಿನಲ್ಲಿ ಅಪ್ಪ ಕೇಳುತ್ತಿದ್ದದ್ದು ಒಂದೇ: "ಕೆಲಸ ಭದ್ರವಾಗಿದೆಯಲ್ಲ?" ಆ ಪ್ರಶ್ನೆಯಲ್ಲಿ ನನಗೆ ಕೇಳಿಸಿದ್ದು ಅಂಜಿಕೆ ಮಾತ್ರ.

ನನ್ನ ತಂದೆಯೂ ನಿಮ್ಮ ತಂದೆಯವರಂತೆ ಬ್ಯಾಂಕಿನವರೇ. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದವಲ್ಲ, ಅದಾಗಿ ಮೂರು ವರ್ಷಕ್ಕೆ ಗುಮಾಸ್ತರಾಗಿ ಸೇರಿ, ಬಹುಕಾಲ ಸಾಲ ವಿಭಾಗದಲ್ಲಿ ದುಡಿದರು. ಮನೆಗೆ ತಂದ ಕಾಗದಗಳನ್ನು ಓದುವಾಗ ಸಾಲಿನ ಕೆಳಗೆ ಮರದ ಸ್ಕೇಲು ಇಟ್ಟು, ಒಂದು ಸಾಲು ಮುಗಿದ ಮೇಲೆಯೇ ಅದನ್ನು ಕೆಳಕ್ಕೆ ಸರಿಸುತ್ತಿದ್ದರು. ಭಾವಮೈದುನನ ಸಾಲಕ್ಕೆ ಜಾಮೀನು ಹಾಕಿದ ಶಾಲಾ ಮೇಷ್ಟರೊಬ್ಬರ ಮನೆ ಹರಾಜಿಗೆ ಬಂದಾಗ ಆ ನೋಟಿಸನ್ನು ಮುಟ್ಟಿಸಲು ಹೋದವರು ಅವರೇ. ಆ ರಾತ್ರಿ ಊಟ ಮಾಡಲಿಲ್ಲ ಎಂದು ಅಮ್ಮ ಈಗಲೂ ಹೇಳುತ್ತಾರೆ. ಆಮೇಲೆ ಬಂಧುಗಳಲ್ಲಿ ಯಾರು ಕೇಳಿದರೂ ಅವರು ಜಾಮೀನಿಗೆ ಸಹಿ ಹಾಕಲಿಲ್ಲ, ಕಲ್ಲುಮನಸ್ಸಿನವನು ಎನಿಸಿಕೊಂಡರೂ ಹಾಕಲಿಲ್ಲ.

ನನಗೆ ಹಸಿರು ಕಾರ್ಡ್, ಅಂದರೆ ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ, ಬಂದದ್ದು 2009ರಲ್ಲಿ. ಮರುವರ್ಷವೇ ಇಬ್ಬರು ಗೆಳೆಯರೊಂದಿಗೆ, ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವ ತಂತ್ರಾಂಶದ ಕಂಪನಿಯೊಂದನ್ನು ತೆರೆದೆ. ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಬೇಡವೆನ್ನುತ್ತಾರೆ, ಸುಮ್ಮನೆ ಕೊರಗುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾಗಿ ನನಗೆ ಅವರ ಮಾತು ಕೇಳುವ ಮನಸ್ಸಿರಲಿಲ್ಲ. ಕಂಪನಿಯ ಹೊಣೆ ಸೀಮಿತ, ಅದು ಮುಳುಗಿದರೂ ಮನೆಗೆ ನೀರು ಬರುವುದಿಲ್ಲ ಎಂಬ ಧೈರ್ಯದಲ್ಲಿ ಕಚೇರಿಗೆ ಐದು ವರ್ಷದ ಬಾಡಿಗೆ ಕರಾರು ಮಾಡಿಕೊಂಡೆವು. ಕರಾರಿನ ಕೊನೆಗೆ ಎರಡು ಪುಟದ ವೈಯಕ್ತಿಕ ಜಾಮೀನು ಪತ್ರವಿತ್ತು. ಕಂಪನಿ ಹೊಸದಾದ್ದರಿಂದ ಇದು ವಾಡಿಕೆ ಎಂದು ಕಟ್ಟಡದ ಮಾಲೀಕರ ಕಡೆಯವರು ಹೇಳಿದರು, ನಾವು ಮೂವರೂ ಸಹಿ ಹಾಕಿದೆವು. "ಒಟ್ಟಾಗಿಯೂ ಪ್ರತ್ಯೇಕವಾಗಿಯೂ" ಹೊಣೆ ಎಂದು ಅದರಲ್ಲಿ ಬರೆದದ್ದನ್ನು ನಾನು ಓದಿದ್ದೆ, ಆದರೆ ಅದರ ಅರ್ಥವನ್ನು ಯೋಚಿಸಿರಲಿಲ್ಲ.

2013ರಲ್ಲಿ ಕಂಪನಿ ಮುಚ್ಚಿತು. ಗೆಳೆಯರಲ್ಲಿ ಒಬ್ಬ ಭಾರತಕ್ಕೆ ಮರಳಿದ, ಇನ್ನೊಬ್ಬನ ಕೈ ಬರಿದಾಗಿತ್ತು. ಹೊಸ ಬಾಡಿಗೆದಾರರು ಸಿಗುವವರೆಗಿನ 11 ತಿಂಗಳ ಬಾಡಿಗೆಯನ್ನು, ಮೂರನೆಯ ಒಂದು ಪಾಲನ್ನಲ್ಲ, ಪೂರ್ತಿಯಾಗಿ, ಮಗಳ ಓದಿಗೆ ಕೂಡಿಟ್ಟ ಹಣದಿಂದ ನಾನೇ ಕಟ್ಟಿದೆ.

ಕೊನೆಗೆ ಅಪ್ಪನಿಗೆ ಎಲ್ಲವನ್ನೂ ಹೇಳಿದಾಗ ಅವರು ಬೈಯಲಿಲ್ಲ. ಜಾಮೀನು ಪತ್ರವನ್ನು ಓದಿಸಿ ಕೇಳಿದರು. ಭಾರತೀಯ ಕರಾರು ಕಾಯ್ದೆಯ 128ನೆಯ ಕಲಮಿನಂತೆ, ಬೇರೆ ಮಾತು ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. 1872ರಿಂದ ಇರುವ ಮಾತು, ನಿಮ್ಮ ದೇಶದಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ ಎಂದರು. "ಮೊದಲ ವರ್ಷದ ಬಾಡಿಗೆಗೆ ಮಾತ್ರ ಜಾಮೀನು ಎಂದು ಬರೆಸಬಹುದಿತ್ತು. ಸಹಿಗೆ ಮುಂಚೆ ನನಗೊಮ್ಮೆ ಓದಿ ಹೇಳಬಾರದಿತ್ತೇ?" ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ನನಗೆ ಪರಿಚಯವಿದ್ದವರಲ್ಲಿ ಆ ಎರಡು ಪುಟಗಳನ್ನು ಸರಿಯಾಗಿ ಓದಬಲ್ಲವರು ಅವರೊಬ್ಬರೇ ಆಗಿದ್ದರು. ಅವರನ್ನೇ ನಾನು ಹೆದರುಪುಕ್ಕಲರೆಂದು ದೂರವಿಟ್ಟಿದ್ದೆ.

ಆದ್ದರಿಂದ ನಿಮ್ಮ ತಂದೆಯವರನ್ನು ಒಪ್ಪಿಸುವ ಉಪಾಯ ನನ್ನಲ್ಲಿಲ್ಲ. 1991ರವರೆಗೆ ಕೈಗಾರಿಕೆ ತೆರೆಯಬೇಕೆಂದರೆ ಪರವಾನಗಿಗಾಗಿ ಕಚೇರಿ ಕಚೇರಿ ಅಲೆಯಬೇಕಿದ್ದ ಕಾಲದಲ್ಲಿ ಅವರು ಬಾಳಿದವರು. ಬಿದ್ದವರು ಮತ್ತೆ ಏಳುವುದನ್ನು ಅವರು ಕಂಡದ್ದು ಅಪರೂಪ. ನೀವು ಕೆಲಸ ಬಿಡಲೇ ಎಂದು ಕೇಳಿದರೆ ಅವರ ಉತ್ತರ ನಿಮಗೆ ಗೊತ್ತೇ ಇದೆ. ಅದರ ಬದಲು ಕರಾರನ್ನೂ ಸಾಲಪತ್ರವನ್ನೂ ಮುಂದಿಟ್ಟು, ಸಾಲ ಕೊಡುವವರು ತಾವಾಗಿದ್ದರೆ ಇದರಲ್ಲಿ ಏನು ನೋಡುತ್ತಿದ್ದಿರಿ ಎಂದು ಕೇಳಿರಿ. ಇಲ್ಲಿ ಸರ್ಕಾರದ ಖಾತರಿಯುಳ್ಳ ಸಣ್ಣ ಉದ್ಯಮಗಳ ಸಾಲಕ್ಕೂ, ಶೇಕಡ 20 ಅಥವಾ ಹೆಚ್ಚಿನ ಪಾಲಿರುವ ಪ್ರತಿಯೊಬ್ಬ ಮಾಲೀಕರೂ ವೈಯಕ್ತಿಕ ಜಾಮೀನು ಕೊಡಬೇಕು. ನಿಮ್ಮಂಥ ವೀಸಾದವರ ಪಾಲಿರುವ ಕಂಪನಿಗೆ ಈಗ ಆ ಸಾಲ ಸಿಗುವುದಿಲ್ಲ, ಆದರೆ ಬೇರೆ ಸಾಲಪತ್ರಗಳಲ್ಲೂ ಇಂಥ ಮಾತಿದೆಯೇ ಎಂದು ನೋಡಿಕೊಳ್ಳಿ.

ಅಪ್ಪ 2018ರಲ್ಲಿ ತೀರಿಕೊಂಡರು. ಇಲ್ಲೇ ಹುಟ್ಟಿದ ನನ್ನ ಮಗಳು ಈ ವರ್ಷ ಒಳ್ಳೆಯ ಕೆಲಸ ಬಿಟ್ಟು ತನ್ನದೇ ಕಂಪನಿ ಆರಂಭಿಸಿದ್ದಾಳೆ. ಅವಳು ಅದನ್ನು ಹೇಳಿದ ದಿನ ನನ್ನ ಬಾಯಲ್ಲಿ ಮೊದಲು ಬಂದದ್ದು ಅಪ್ಪನ ಪ್ರಶ್ನೆಯೇ. ಆದರೂ ಅವಳ ಬಗ್ಗೆ ನನಗಿರುವ ಹೆಮ್ಮೆಯನ್ನು ಮುಚ್ಚಿಡಲಾರೆ. ಕಳೆದ ವಾರ ತನ್ನ ಕಚೇರಿಯ ಬಾಡಿಗೆ ಕರಾರನ್ನು ಕಳಿಸಿ, ಸಹಿಗೆ ಇನ್ನೂ ಹತ್ತು ದಿನವಿದೆ, ಅಷ್ಟರಲ್ಲಿ ಓದಿ ಹೇಳಿ ಎಂದಿದ್ದಾಳೆ. ಒಟ್ಟು 31 ಪುಟ. ಅಚ್ಚು ಹಾಕಿಸಿ ಮೇಜಿನ ಮೇಲಿಟ್ಟುಕೊಂಡಿದ್ದೇನೆ, ಸಾಲಿನ ಕೆಳಗೆ ಸ್ಕೇಲು ಇಟ್ಟು ನಿನ್ನೆಗೆ 12ನೆಯ ಪುಟಕ್ಕೆ ಬಂದಿದ್ದೇನೆ.