ಬೇಡೆಕರ್ ಕೈಪಿಡಿಗೂ 1942ರ ಬಾಂಬ್ ದಾಳಿಗೂ ಏನು ಸಂಬಂಧ?

ಇಂಗ್ಲೆಂಡಿನ ಮೇಲೆ ಜರ್ಮನಿ ನಡೆಸಿದ ‘ಬೇಡೆಕರ್ ದಾಳಿ’ಗಳಿಗೆ ಪ್ರವಾಸಿ ಕೈಪಿಡಿಯೊಂದರ ಹೆಸರು ಬಂದದ್ದೇಕೆ, ಆ ಪುಸ್ತಕ ನಿಜಕ್ಕೂ ಗುರಿಗಳ ಪಟ್ಟಿಯಾಗಿತ್ತೇ ಎಂದು ತಾವು ಕೇಳಿದ್ದೀರಿ.

1827ರಲ್ಲಿ ಕೊಬ್ಲೆಂಟ್ಸ್ ನಗರದಲ್ಲಿ ಪ್ರಕಾಶನ ಆರಂಭಿಸಿದ ಕಾರ್ಲ್ ಬೇಡೆಕರ್ ಅವರ ಉದ್ದೇಶ, ಅಪರಿಚಿತ ಊರಿಗೆ ಹೋದವನು ಬಾಡಿಗೆ ಮಾರ್ಗದರ್ಶಿಗಳನ್ನೂ ಗಾಡಿಯವರನ್ನೂ ಅವಲಂಬಿಸದೆ, ಪುಸ್ತಕವೊಂದನ್ನೇ ನಂಬಿ ತನ್ನಷ್ಟಕ್ಕೆ ತಿರುಗಾಡುವಂತಾಗಬೇಕು ಎಂಬುದಾಗಿತ್ತು. ಲಂಡನ್ನಿನ ಜಾನ್ ಮರ್ರೆ 1836ರಿಂದ ಹೊರತಂದ ಕೈಪಿಡಿಗಳಿಂದ ಅವರು ಬಹಳಷ್ಟು ಕಲಿತರು. ಮುಖ್ಯ ಸ್ಥಳಗಳಿಗೆ ನಕ್ಷತ್ರದ ಗುರುತು ಹಾಕುವ ಕ್ರಮವನ್ನು 1840ರ ದಶಕದಲ್ಲಿ ಅಳವಡಿಸಿಕೊಂಡರು; ಪ್ರವಾಸಿ ಯಾವುದರ ಮುಂದೆ ನಿಲ್ಲಬೇಕೆಂಬುದನ್ನು ಹೀಗೆ ಪುಸ್ತಕವೇ ನಿರ್ಧರಿಸತೊಡಗಿದ್ದು, ನನ್ನ ದೃಷ್ಟಿಯಲ್ಲಿ, ಈ ಮಾಲೆಯ ಅತಿ ದೊಡ್ಡ ಪ್ರಭಾವ.

1942ರ ಮಾರ್ಚಿನಲ್ಲಿ ಬ್ರಿಟಿಷ್ ವಿಮಾನಗಳು ಲ್ಯೂಬೆಕ್ ನಗರವನ್ನು ಸುಟ್ಟದ್ದಕ್ಕೆ ಪ್ರತೀಕಾರವಾಗಿ ಜರ್ಮನಿಯು ಏಪ್ರಿಲಿನಿಂದ ಎಕ್ಸಿಟರ್, ಬಾತ್, ನಾರಿಚ್, ಯಾರ್ಕ್ ನಗರಗಳ ಮೇಲೆ ದಾಳಿ ಮಾಡಿತು. ಬೇಡೆಕರ್‌ನಲ್ಲಿ ಮೂರು ನಕ್ಷತ್ರ ಪಡೆದ ಪ್ರತಿಯೊಂದು ಕಟ್ಟಡವನ್ನೂ ಹೊಡೆಯುತ್ತೇವೆ ಎಂದು ಜರ್ಮನ್ ವಿದೇಶಾಂಗ ಕಚೇರಿಯ ವಕ್ತಾರ ಬ್ರೌನ್ ಫಾನ್ ಸ್ಟುಮ್ ಹೇಳಿದ್ದರಿಂದಲೇ ಈ ಹೆಸರು ಅಂಟಿಕೊಂಡಿತು. ಆದರೆ ಆ ಕೈಪಿಡಿ ಕೊಡುತ್ತಿದ್ದದ್ದು ಹೆಚ್ಚೆಂದರೆ ಎರಡು ನಕ್ಷತ್ರ. ಅಲ್ಲದೆ ಈ ನಗರಗಳ ವಾಯುರಕ್ಷಣೆ ದುರ್ಬಲವಾಗಿದ್ದುದೂ ದಾಳಿಕೋರರಿಗೆ ಅನುಕೂಲವಾಗಿತ್ತು. ಆದ್ದರಿಂದ ಪುಸ್ತಕವನ್ನು ದೂಷಿಸುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಲೈಪ್ಸಿಗ್‌ನಲ್ಲಿದ್ದ ಬೇಡೆಕರ್ ಸಂಸ್ಥೆಯ ಕಚೇರಿಯೂ 1943ರ ಡಿಸೆಂಬರಿನಲ್ಲಿ ಬ್ರಿಟಿಷ್ ಬಾಂಬುಗಳಿಗೆ ನಾಶವಾಯಿತು. ಯುದ್ಧಾನಂತರ ಮನೆತನದವರು ಪ್ರಕಟಣೆಯನ್ನು ಮತ್ತೆ ಕೈಗೆತ್ತಿಕೊಂಡರು.